ಭಾವ ಪಾಸು ಮಾಡಿದ ಲೆನ್ಸು

ಕಾರ್ಖಾನೆಯಲ್ಲಿ ನನ್ನ ಭಾವನಿಗೆ ಇದ್ದ ಹೆಸರು ರಿಜೆಕ್ಟು. ಬೋಲ್ಟು, ನಟ್ಟು ತಯಾರಿಸುವ ಆ ಜಾಗದಲ್ಲಿ ಅವರು ತಪಾಸಣೆ ವಿಭಾಗದವರು. ಮೇಜಿನ ಮೇಲೊಂದು ದೀಪ, ಕಣ್ಣಿಗೆ ಭೂತಗನ್ನಡಿ, ಬಲಗೈ ಪಕ್ಕದಲ್ಲಿ ಕೆಂಪು ಬಣ್ಣದ ಡಬ್ಬಿ. ಕೂದಲೆಳೆಯಷ್ಟು ಹೆಚ್ಚುಕಮ್ಮಿ ಕಂಡರೂ ಬೋಲ್ಟಿನ ತಲೆಗೆ ಕೆಂಪು ಚುಕ್ಕೆ ಬೀಳುತ್ತಿತ್ತು. ಚುಕ್ಕೆ ಬಿದ್ದ ಮಾಲು ಒಳ್ಳೆಯ ಮಾಲಿನ ಪಕ್ಕದಲ್ಲಿ ಒಂದು ಗಳಿಗೆಯೂ ಇರಕೂಡದು, ಅದೇ ಪಾಳಿಯಲ್ಲಿ ಕರಗಿಸಲು ಹೋಗಬೇಕು ಎನ್ನುವುದು ಅಲ್ಲಿನ ಕಟ್ಟುನಿಟ್ಟು.

ಆ ಕಟ್ಟುನಿಟ್ಟನ್ನು ಭಾವ ಮನೆಗೂ ಹೊತ್ತು ತಂದಿದ್ದರು. ನಾನು ಮಾಡಿದ ಚಹಾ, ಬಾಗಿಲಿನ ಚಿಲಕ, ನಾನು ಹೊಲಿದುಕೊಟ್ಟ ಪರದೆ, ಒಂದು ಕಾಲಕ್ಕೆ ನಾನು ಮದುವೆಯಾಗಬೇಕೆಂದುಕೊಂಡಿದ್ದ ಗಡಿಯಾರ ರಿಪೇರಿಯವನು, ಯಾವುದೂ ಅವರ ಕೈಯಲ್ಲಿ ಪಾಸಾಗಲಿಲ್ಲ. ಗಡಿಯಾರದವನ ವಿಷಯದಲ್ಲಿ ಅವರು ಹೇಳಿದ್ದು ಸರಿಯಾಗಿತ್ತು ಅನ್ನುವುದೇ ನನ್ನ ಹೊಟ್ಟೆಯುರಿ. ಜೀವಮಾನದಲ್ಲಿ ಅವರು ಮೊದಲ ನೋಟಕ್ಕೇ ಪಾಸು ಮಾಡಿದ್ದು ಒಂದನ್ನೇ. ಅದು ನಮ್ಮಕ್ಕ.

ಅಕ್ಕ ರೈಲು ನಿಲ್ದಾಣದ ಟಿಕೆಟ್ ಕೌಂಟರಿನಲ್ಲಿದ್ದವಳು. ಗಾಜಿನ ಕಿಂಡಿಯ ಆಚೆ ದಿನವಿಡೀ ಮುಖಗಳು. ಮನೆಗೆ ಬಂದ ಮೇಲೆ ಅವಳಿಗೆ ಅದೇ ಮಾತು. "ಇವತ್ತೊಬ್ಬ ಬಂದಿದ್ದ ನೋಡು, ಎಲ್ಲಿಗೆ ಹೋಗ್ಬೇಕು ಅಂತ ಅವನಿಗೇ ಗೊತ್ತಿಲ್ಲ, ನನ್ನನ್ನ ಕೇಳ್ತಾನೆ!" ಅಂತ ಶುರುಮಾಡಿದರೆ ನಾವು ನಕ್ಕು ನಕ್ಕು ಸಾಕಾಗುತ್ತಿತ್ತು. ಅಂಥವಳ ಶ್ವಾಸಕೋಶಕ್ಕೆ ಕಾಯಿಲೆ ಬಂತು. ಮೊದಮೊದಲು ಮೆಟ್ಟಿಲು ಹತ್ತಿದರೆ ಏದುಸಿರು, ಆಮೇಲೆ ಮಾತಾಡಿದರೂ ಏದುಸಿರು, ಆಮೇಲೆ ಮೂಗಿಗೆ ನಳಿಗೆ. ಭಾವ ಅವಧಿಗೆ ಮುಂಚೆಯೇ ನಿವೃತ್ತಿ ತೆಗೆದುಕೊಂಡರು. ನಾನು ನನ್ನ ಹೊಲಿಗೆ ಯಂತ್ರ ಸಮೇತ ಅವರ ಮನೆಗೆ ಬಂದೆ. ಬಟ್ಟೆ ಅಂಗಡಿಗಳಿಂದ ಬರುವ ಪ್ಯಾಂಟುಗಳ ಕಾಲು ಗಿಡ್ಡ ಮಾಡುವುದು, ಕೋಟುಗಳ ಸೊಂಟ ಹಿಡಿಸುವುದು ನನ್ನ ಕಸುಬು. ಅದನ್ನು ಎಲ್ಲಿ ಕೂತರೂ ಮಾಡಬಹುದು.

ಕ್ಯಾಮೆರಾ ಬಂದದ್ದು ಕಾರ್ಖಾನೆಯ ಬೀಳ್ಕೊಡುಗೆಯಲ್ಲಿ. ಜೊತೆಯವರೆಲ್ಲ ಸೇರಿ ಕೊಟ್ಟ ಉಡುಗೊರೆ. ಹೊಸಬರಿಗೆಂದೇ ತಯಾರಿಸುವ ಹಗುರ ಕ್ಯಾಮೆರಾ, ಡಬ್ಬಿಯಲ್ಲೇ ಅದರ ಜೊತೆ ಬರುವ ಗಿಡ್ಡ ಲೆನ್ಸು. ಭಾವ ಅದನ್ನು ತಿರುಗಿಸಿ, ಮುರುಗಿಸಿ, ಭೂತಗನ್ನಡಿಯಲ್ಲಿ ನೋಡಿ, "ಪ್ಲಾಸ್ಟಿಕ್ಕು" ಅಂದರು. ಗೋಡೆಗೆ ಸುದ್ದಿಪತ್ರಿಕೆ ಅಂಟಿಸಿ ಅದರ ಫೋಟೋ ತೆಗೆದು, ಮೂಲೆಯ ಅಕ್ಷರ ಮಸುಕಾಗಿದೆ ಎಂದು ಮೂಗು ಮುರಿದರು. ಆಮೇಲೆ ಅದು ಕಪಾಟಿನ ಮೇಲೆ ಹೋಗಿ ಕೂತಿತು.

ಅದನ್ನು ಕೆಳಗಿಳಿಸಿದ್ದು ಅಕ್ಕ. ಅವಳ ಮಂಚ ಕಿಟಕಿಗೆ ತಾಗಿಕೊಂಡಿತ್ತು. ಚಿಕ್ಕ ಕೋಣೆ. ಮಂಚ, ಔಷಧಿಯ ಕಪಾಟು, ಉಸಿರಿನ ಯಂತ್ರ ಇಷ್ಟು ಇಟ್ಟ ಮೇಲೆ ಒಬ್ಬರು ಅಡ್ಡ ನಿಲ್ಲುವಷ್ಟು ಜಾಗ ಉಳಿಯುತ್ತಿತ್ತು. ಕಿಟಕಿಯಾಚೆ ಅಗಲವಾದ ರಸ್ತೆ, ಅದರಾಚೆ ಹೊಸದಾಗಿ ಏಳುತ್ತಿದ್ದ ಕಟ್ಟಡ, ಅದರ ಪಕ್ಕದಲ್ಲಿ ಮುಗಿಲಿಗೆ ಚಾಚಿದ ಕ್ರೇನು. ಕ್ರೇನಿನ ತುದಿಯ ಗಾಜಿನ ಗೂಡಿನಲ್ಲಿ ಒಬ್ಬ ಮನುಷ್ಯ. ಬೆಳಿಗ್ಗೆ ಏಣಿ ಹತ್ತಿ ಮೇಲೆ ಹೋದರೆ ಸಂಜೆಯೇ ಇಳಿಯುವುದು. ನಮಗೆ ಕಾಣುತ್ತಿದ್ದದ್ದು ಒಂದು ಚುಕ್ಕೆ.

"ಅವನು ಊಟಕ್ಕೂ ಇಳಿಯಲ್ಲ ಕಣೇ" ಎಂದು ಅಕ್ಕ ನನಗೆ ವರದಿ ಒಪ್ಪಿಸುತ್ತಿದ್ದಳು. "ವಯಸ್ಸೆಷ್ಟಿರಬಹುದು? ಮುಖ ಹೇಗಿರಬಹುದು? ದಿನಾ ನೋಡ್ತೀನಿ, ಗುರುತೇ ಇಲ್ಲ ಅಂದ್ರೆ ಹೇಗೆ!" ಒಂದು ದಿನ ಭಾವನನ್ನೇ ಕರೆದಳು. "ರೀ, ನಿಮ್ಮ ಕ್ಯಾಮೆರಾದಲ್ಲಿ ಅವನ ಮುಖ ಸಿಗತ್ತಾ?"

ಸಿಗಲಿಲ್ಲ. ಗಿಡ್ಡ ಲೆನ್ಸಿನಲ್ಲಿ ಕ್ರೇನು ಬೆಂಕಿಕಡ್ಡಿಯಷ್ಟಾಗಿತ್ತು. ಹಿಗ್ಗಿಸಿ ನೋಡಿದರೆ ಗಾಜಿನ ಗೂಡಿನಲ್ಲಿ ಬೂದು ಬಣ್ಣದ ನಾಲ್ಕು ಚೌಕ. ಅಕ್ಕ "ಹೋಗ್ಲಿ ಬಿಡಿ" ಅಂದಳು. ಭಾವ ಬಿಡುವ ಪೈಕಿಯೇ? "ಒಳ್ಳೇ ಲೆನ್ಸ್ ಬೇಕು. ಉದ್ದಂದು. ತರ್ತೀನಿ" ಅಂದರು. ಅಕ್ಕನ ಮುಖ ಅರಳಿತು. ಬಹಳ ದಿನದಿಂದ ಅವಳು ನಾಳೆಯ ಬಗ್ಗೆ ಏನನ್ನೂ ಕೇಳಿರಲಿಲ್ಲ. ಆಮೇಲೆ ದಿನಾ ಕೇಳತೊಡಗಿದಳು, "ಲೆನ್ಸ್ ಬಂತಾ?"

ಬರಲಿಲ್ಲ, ಯಾಕೆಂದರೆ ಭಾವ ಆರಿಸುತ್ತಿದ್ದರು. ಕ್ಯಾಮೆರಾ ಅಂಗಡಿ ನಮ್ಮ ಬೀದಿಯ ಕೊನೆಯಲ್ಲೇ ಇತ್ತು. ಅದರ ಮಾಲೀಕ ಬೊಕ್ಕತಲೆಯ, ತಾಳ್ಮೆಯ ಮನುಷ್ಯ. ಇನ್ನೊಬ್ಬನಾಗಿದ್ದರೆ ಭಾವನನ್ನು ಎರಡನೇ ದಿನವೇ ಹೊರಗೆ ನೂಕುತ್ತಿದ್ದ. ಮೊದಲು ಒಂದು ಸಣ್ಣ ಜೂಮು ನೋಡಿದರು, ಕ್ಯಾಮೆರಾಕ್ಕೆ ಹೊಂದುವಂಥದು, ಹಗುರ. ಕ್ರೇನಿನ ಗೂಡು ಹತ್ತಿರ ಬಂತು, ಆದರೆ ಮುಖ ಬರಲಿಲ್ಲ. ರಿಜೆಕ್ಟು. ಅದಕ್ಕಿಂತ ಉದ್ದದ್ದು ನೋಡಿದರು. ಮುಖ ಬಂತು, ಆದರೆ ಬೆಳಕು ಕಮ್ಮಿಯಾದರೆ ಕೈ ನಡುಗಿದ್ದೆಲ್ಲ ಕಾಣುತ್ತದೆ. ರಿಜೆಕ್ಟು. ಕೈನಡುಕ ತಡೆಯುವ ಇನ್ನೊಂದು ನೋಡಿದರು. ಗೋಡೆಯ ಮೇಲಿನ ಪತ್ರಿಕೆಯಲ್ಲಿ ಎಡಮೂಲೆಗಿಂತ ಬಲಮೂಲೆ ಮಸುಕು. ಅಂಗಡಿಯವನು "ಸಾರ್, ನಿಮಗೆ ಬೇಕಾಗಿರೋದು ಮಧ್ಯದಲ್ಲಿರೋ ಮುಖ. ಮೂಲೆ ಕಟ್ಕೊಂಡು ಏನ್ಮಾಡ್ತೀರಿ?" ಅಂದನಂತೆ. ಭಾವ ಇದನ್ನು ಮನೆಗೆ ಬಂದು ನನಗೆ ಹೇಳಿದ್ದು ಅಂಗಡಿಯವನಿಗೆ ಏನೂ ಗೊತ್ತಿಲ್ಲ ಅನ್ನುವುದಕ್ಕೆ ಸಾಕ್ಷಿಯಾಗಿ.

ಊಟ ಮಾಡುವಾಗಲೂ ಅದೇ ಮಾತು. ಉದ್ದ ಜಾಸ್ತಿಯಾದರೆ ಭಾರ ಜಾಸ್ತಿ, ಭಾರ ಕಮ್ಮಿಯಾದರೆ ಬೆಳಕು ಕಮ್ಮಿ, ಎರಡೂ ಸರಿಯಿದ್ದರೆ ನಮ್ಮ ಕ್ಯಾಮೆರಾಕ್ಕೆ ಅದು ಹೆಚ್ಚಾಯಿತು. "ಅಪ್ಪನ ಕೋಟನ್ನ ಮಗುವಿಗೆ ಹಾಕಿದ ಹಾಗಾಗತ್ತೆ" ಎಂದು ನನಗೆ ಅರ್ಥವಾಗುವ ಭಾಷೆಯಲ್ಲಿ ಹೇಳುತ್ತಿದ್ದರು. ನಾನು "ತೋಳು ಮಡಚಿದ್ರಾಯ್ತು, ತನ್ನಿ" ಅನ್ನುತ್ತಿದ್ದೆ. ಅವರಿಗೆ ನನ್ನ ಮಾತು ಕೇಳಿಸುತ್ತಲೇ ಇರಲಿಲ್ಲ.

ಈ ಮೀನಮೇಷ ನಡೆಯುತ್ತಿದ್ದಾಗಲೇ ಡಾಕ್ಟರಮ್ಮ ಮನೆಗೆ ಬಂದು ಹೋದರು. ಸುಳ್ಳು ಹೇಳುವವರಲ್ಲ. ಅಡುಗೆಮನೆಯಲ್ಲಿ ಕೈ ತೊಳೆಯುತ್ತಾ, "ಇನ್ನು ಆಸ್ಪತ್ರೆಗೆ ಕರ್ಕೊಂಡು ಬರಬೇಡಿ. ಸುಮ್ನೆ ಅವರಿಗೆ ತೊಂದರೆ. ಇಲ್ಲೇ ಆರಾಮಾಗಿರಲಿ" ಅಂದರು. ನಾನು ಯಂತ್ರದ ಮುಂದೆ ಕೂತು ಯಾರದೋ ಪ್ಯಾಂಟಿನ ಕಾಲನ್ನು ಎರಡು ಸಲ ಗಿಡ್ಡ ಮಾಡಿದೆ. ಭಾವ ಅಂಗಿ ತೊಟ್ಟು ಅಂಗಡಿಗೆ ಹೋದರು. ಅವತ್ತು ಅವರು ನೋಡಿ ತಿರಸ್ಕರಿಸಿ ಬಂದ ಲೆನ್ಸು ಯಾವುದು ಎಂದು ನಾನು ಕೇಳಲಿಲ್ಲ. ನನಗೆ ವಿಷಯ ಅರ್ಥವಾಗಿತ್ತು. ಆ ಮನುಷ್ಯ ಲೆನ್ಸು ಆರಿಸುತ್ತಿರಲಿಲ್ಲ. ಆರಿಸಿ ಮುಗಿಯುವ ತನಕ ಅಕ್ಕ ಕಾಯುತ್ತಾಳೆ, ಕಾಯುವವಳು ಎಲ್ಲಿಗೂ ಹೋಗುವುದಿಲ್ಲ ಎಂದು ಒಳಗೊಳಗೇ ನಂಬಿದ್ದರು. ಅರ್ಥವಾಯಿತು ಅಂತ ನನ್ನ ಸಿಟ್ಟೇನೂ ಇಳಿಯಲಿಲ್ಲ.

ಒಂದು ಬೆಳಿಗ್ಗೆ ಹಾಲು ತರಲು ಹೋದಾಗ ಎದುರು ಕಟ್ಟಡದ ಕಾವಲಿನವನು ಸಿಕ್ಕ. ಅವನ ಖಾಕಿ ಪ್ಯಾಂಟು ಗಿಡ್ಡ ಮಾಡಿಕೊಟ್ಟವಳು ನಾನೇ. ಮೇಲಿನ ಮಹಡಿಯ ಕೆಲಸ ಮುಗಿಯುತ್ತಾ ಬಂತು, ಇನ್ನು ಸ್ವಲ್ಪ ದಿನಕ್ಕೆ ಕ್ರೇನು ಬಿಚ್ಚುತ್ತಾರೆ ಅಂದ. ನನಗೆ ಪಿತ್ತ ನೆತ್ತಿಗೇರಿತು. ಮನೆಗೆ ಬಂದವಳೇ ಭಾವನನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ ಬಾಗಿಲು ಹಾಕಿದೆ.

"ಕ್ರೇನು ಹೋಗತ್ತೆ. ಅವಳೂ ಹೋಗ್ತಾಳೆ. ಆಮೇಲೆ ನೀವು ಆ ಗೋಡೆ ಮೇಲಿನ ಪೇಪರು ಓದ್ಕೊಂಡು ಕೂತ್ಕೊಳ್ಳಿ" ಅಂದೆ.

ಭಾವ ನನ್ನನ್ನು ಬೈಯಲಿಲ್ಲ. ಕ್ಯಾಮೆರಾ ಚೀಲ ಹೆಗಲಿಗೆ ಹಾಕಿಕೊಂಡು ಹೋದರು. ಮಧ್ಯಾಹ್ನ ಬಂದಾಗ ಅವರ ತೋಳಿನಲ್ಲಿ ಹೂಜಿಯಷ್ಟು ದೊಡ್ಡ ಲೆನ್ಸು. ಯಾರೋ ಬಳಸಿ ಮಾರಿದ್ದು, ಅಂಗಡಿಯಲ್ಲಿದ್ದುದರಲ್ಲೆಲ್ಲ ಉದ್ದದ್ದು. ಕ್ಯಾಮೆರಾ ಅದರ ಬಾಲದಲ್ಲಿ ಅಂಟಿಕೊಂಡಂತೆ ಕಾಣುತ್ತಿತ್ತು.

"ಹಳೇ ಲೆನ್ಸು?" ಎಂದು ಕೇಳಿದೆ.

"ಅವನಿಗೇ ಕೊಟ್ಬಿಟ್ಟೆ. ರಿಜೆಕ್ಟ್ ಮಾಲು ಒಳ್ಳೇದರ ಪಕ್ಕ ಯಾಕೆ?"

ಅದರಲ್ಲೇನೂ ತಪ್ಪು ನನಗೂ ಕಾಣಲಿಲ್ಲ. ಗಿಡ್ಡ ಲೆನ್ಸಿನ ಬಗ್ಗೆ ಆ ಹೊತ್ತು ಯಾರಿಗೆ ತಲೆ ಇತ್ತು?

ಮರುದಿನ ಬೆಳಿಗ್ಗೆ ಕಿಟಕಿಯ ಕಟ್ಟೆಯ ಮೇಲೆ ದಿಂಬಿಟ್ಟು, ದಿಂಬಿನ ಮೇಲೆ ಲೆನ್ಸು ಮಲಗಿಸಿ ಭಾವ ಫೋಟೋ ತೆಗೆದರು. ಅಕ್ಕನ ಕೈಗೆ ಕ್ಯಾಮೆರಾ ಹಿಡಿಯಲು ಆಗುತ್ತಿರಲಿಲ್ಲ, ನಾನು ಹಿಡಿದುಕೊಂಡು ಅದರ ಪುಟ್ಟ ಪರದೆಯನ್ನು ತೋರಿಸಿದೆ. ಗಾಜಿನ ಗೂಡಿನಲ್ಲಿ ಒಬ್ಬ ನಡುವಯಸ್ಸಿನವನು, ದುಂಡು ಮುಖ, ಕನ್ನಡಕ ಬಿಚ್ಚಿ ಅಂಗಿಯ ತುದಿಯಲ್ಲಿ ಒರೆಸುತ್ತಿದ್ದಾನೆ. ಬಾಯಿ ತೆರೆದು ಆಕಳಿಸುತ್ತಿದ್ದಾನೆ. ಅಷ್ಟೇ. ಅಕ್ಕ ಅವನನ್ನು ತುಂಬ ಹೊತ್ತು ನೋಡಿದಳು.

"ಇವನು ಚಿಲ್ಲರೆ ಕೈಯಲ್ಲೇ ಹಿಡ್ಕೊಂಡು ಬರೋ ಪೈಕಿ" ಎಂದು ತೀರ್ಪು ಕೊಟ್ಟಳು. "ಸಾಲಲ್ಲಿ ಹಿಂದಿರೋರಿಗೆ ತೊಂದರೆ ಕೊಡಲ್ಲ. ಕಿಟಕಿ ಪಕ್ಕದ ಸೀಟು ಕೇಳ್ತಾನೆ. ಸಿಗದಿದ್ರೆ ಬೇಜಾರಾದ್ರೂ ಹೇಳಲ್ಲ." ಹೇಳಿ ನಕ್ಕಳು. ನಕ್ಕಿದ್ದಕ್ಕೆ ಕೆಮ್ಮು ಬಂತು, ಯಂತ್ರದ ಗಾಳಿ ಹೆಚ್ಚಿಸಬೇಕಾಯಿತು. ಆದರೂ ಅವತ್ತು ನಮ್ಮ ಮನೆಯಲ್ಲಿ ಸಂತೋಷವಿತ್ತು. ಭಾವ ಲೆನ್ಸನ್ನು ಮೆತ್ತನೆಯ ಬಟ್ಟೆಯಲ್ಲಿ ಒರೆಸಿ ಒರೆಸಿ ಇಡುತ್ತಿದ್ದರು.

ಸಂತೋಷದ ಮೇಲೆಯೇ ಅಕ್ಕ ಇನ್ನೊಂದು ಕೇಳಿದಳು. "ರೀ, ಕ್ಯಾಮೆರಾ ಬಂದಾಗಿಂದ ಗೋಡೆ ತೆಗೆದ್ರಿ, ಪೇಪರ್ ತೆಗೆದ್ರಿ, ಈಗ ಯಾರದೋ ಆಕಳಿಕೆ ತೆಗೆದ್ರಿ. ನಂದೊಂದು ತೆಗೀರಿ."

ಭಾವನ ಮುಖದ ಬಣ್ಣವೇ ಹೋಯಿತು. ನಿಜ. ಒಂದೇ ಒಂದು ತೆಗೆದಿರಲಿಲ್ಲ. ಒಳ್ಳೆಯ ಲೆನ್ಸು ಬರಲಿ ಎಂದು ಇಟ್ಟಿದ್ದರೋ, ನಳಿಗೆ ಹಾಕಿಕೊಂಡ ಮುಖವನ್ನು ತೆಗೆಯಲು ಮನಸ್ಸು ಬರಲಿಲ್ಲವೋ, ನಾನು ಕೇಳಿಲ್ಲ.

ಅಕ್ಕನಿಗೆ ಅವಳ ಕೌಂಟರಿನ ನೀಲಿ ಕೋಟೇ ಬೇಕಂತೆ. ತಂದು ತೊಡಿಸಿದರೆ ಒಳಗೆ ಇನ್ನೊಬ್ಬಳು ಕೂರುವಷ್ಟು ಜಾಗವಿತ್ತು. ನಾನು ಹಿಂದಿನಿಂದ ಬಟ್ಟೆ ಎಳೆದು, ಬೆನ್ನಿನುದ್ದಕ್ಕೂ ಕ್ಲಿಪ್ಪು ಹಾಕಿದೆ. ಮುಂದಿನಿಂದ ನೋಡಿದರೆ ಮೈಗೆ ಹೊಲಿದ ಹಾಗೆ. ಅಂಗಡಿಯ ಗಾಜಿನಲ್ಲಿ ನಿಲ್ಲಿಸುವ ಬೊಂಬೆಗಳಿಗೆ ನಾವು ಹೀಗೆಯೇ ಮಾಡುವುದು. ತಲೆ ಬಾಚಿದೆ. ಐದು ನಿಮಿಷ ನಳಿಗೆ ತೆಗೆದರೆ ತಡೆದುಕೊಳ್ಳುತ್ತೇನೆ ಅಂದಳು.

ಭಾವ ಲೆನ್ಸು ಎತ್ತಿದರು. ಅದು ಗರ್ ಗರ್ ಎಂದು ಹಿಂದೆ ಮುಂದೆ ತಿರುಗಿತು, ನಿಲ್ಲಲಿಲ್ಲ. ಪರದೆಯ ಮೇಲೆ ನೀಲಿ ಮಂಜು. ಇನ್ನೊಂದು ಹೆಜ್ಜೆ ಹಿಂದೆ ಹೋದರು, ಬೆನ್ನು ಕಪಾಟಿಗೆ ತಾಗಿತು. ಆಗಲೂ ಮಂಜು. ಆ ಲೆನ್ಸು ದೂರದ್ದನ್ನು ಹತ್ತಿರ ಎಳೆಯುವಂಥದು, ಹತ್ತಿರದ್ದು ಅದಕ್ಕೆ ಕಾಣುವುದೇ ಇಲ್ಲ. ಎರಡು ಆಳುದ್ದಕ್ಕಿಂತ ಹತ್ತಿರವಿದ್ದರೆ ಅದಕ್ಕೆ ಹೆಂಡತಿಯೂ ಒಂದೇ, ಗೋಡೆಯೂ ಒಂದೇ. ಬಾಗಿಲಿನಿಂದಾಚೆ ನಿಂತರೆ ಅಕ್ಕನ ತಲೆಯ ಹಿಂಭಾಗ. ಮಂಚ ತಿರುಗಿಸಲು ಜಾಗವಿಲ್ಲ, ಅವಳನ್ನು ಎತ್ತಿ ಹೊರಗೆ ಕೂರಿಸಲು ಅವಳಲ್ಲಿ ಉಸಿರಿಲ್ಲ. ತಿಂಗಳುಗಟ್ಟಲೆ ಕಪಾಟಿನ ಮೇಲೆ ಕೂತಿದ್ದ ಆ ಗಿಡ್ಡ ಲೆನ್ಸು ಈ ಕೋಣೆಗೆ ಹೇಳಿ ಮಾಡಿಸಿದಂತಿತ್ತು.

ನಾನು ನನ್ನ ಫೋನು ತೆಗೆದೆ. "ಬೇಡ" ಅಂದಳು ಅಕ್ಕ. "ನೀನು ತೆಗೆದ್ರೆ ಅದು ನಿನ್ನ ಅಕ್ಕನ ಫೋಟೋ. ಅವರು ತೆಗೀಲಿ." ನಳಿಗೆ ಮತ್ತೆ ಹಾಕಿದೆ.

ಭಾವ ಅಂಗಡಿಗೆ ಓಡಿದರು. ಗಿಡ್ಡ ಲೆನ್ಸು ಇವರು ಕೊಟ್ಟ ದಿನವೇ ಯಾರೋ ಹೊಸಬರ ಕೈಗೆ ಹೋಗಿತ್ತು. ಅಂಥದ್ದೇ ಇನ್ನೊಂದು ಮುಂದಿನ ವಾರ ತರಿಸಿಕೊಡುತ್ತೇನೆ, ಅಲ್ಲಿಯ ತನಕ ಬೇರೆ ಎರಡಿವೆ, ಎರಡೂ ಮುಖಕ್ಕೆ ಒಳ್ಳೆಯವು ಎಂದು ಅಂಗಡಿಯವನು ಮುಂದಿಟ್ಟನಂತೆ. ಸಂಜೆಯಾದರೂ ಮನುಷ್ಯ ಬರಲಿಲ್ಲ. ನಾನೇ ಹೋದೆ. ಅಂಗಡಿಯ ಗೋಡೆಗೆ ಸುದ್ದಿಪತ್ರಿಕೆ ಅಂಟಿಸಿ, ಒಂದೊಂದೇ ಲೆನ್ಸು ಹಾಕಿ, ಮೂಲೆಯ ಅಕ್ಷರ ನೋಡುತ್ತಿದ್ದರು. ಅಂಗಡಿಯವನು ನನ್ನ ಕಡೆ ನೋಡಿ ತಲೆ ತಗ್ಗಿಸಿದ. ಬೈಯಬೇಕೆಂದು ಬಾಯಿ ತೆರೆದವಳು ಬೈಯಲಾರದೆ, ಅವರ ತೋಳು ಹಿಡಿದು ಮನೆಗೆ ಕರೆದುಕೊಂಡು ಬಂದೆ. ಬರಿಗೈಯಲ್ಲಿ.

ದಾರಿ ತೋರಿಸಿದವಳು ಅಕ್ಕನೇ. "ಅವನ ಮುಖ ಇಲ್ಲಿಂದ ಬಂತಲ್ಲ, ನನ್ನ ಮುಖ ಅಲ್ಲಿಂದ ಬರಲ್ವಾ?" ಅಂದಳು. ಇಷ್ಟು ಸುಲಭದ್ದು ನಮ್ಮಿಬ್ಬರ ತಲೆಗೆ ಹೊಳೆದಿರಲಿಲ್ಲ.

ಎದುರು ಕಟ್ಟಡದ ಕಾವಲಿನವನು ಮೇಲಿನವರನ್ನು ಕೇಳಿ ಒಪ್ಪಿಸಿದ. ಮೂರನೇ ಮಹಡಿಗೆ ಬಿಡುತ್ತಾರೆ, ಆದರೆ ಒಳಗೆ ಕಾಲಿಡುವವರು ಯಾರೇ ಆಗಲಿ ಹಳದಿ ಟೊಪ್ಪಿ ಹಾಕಲೇಬೇಕು, ಹಳದಿ ಅಂಗಿ ತೊಡಲೇಬೇಕು. ಭಾವ ಒಪ್ಪಿದರು. ನಿಯಮಕ್ಕೆ ತಕರಾರು ಮಾಡುವವರೇ ಅಲ್ಲ ಅವರು.

ನಾನು ಅಕ್ಕನಿಗೆ ಮತ್ತೆ ಕೋಟು ತೊಡಿಸಿ, ಬೆನ್ನಿಗೆ ಕ್ಲಿಪ್ಪು ಹಾಕಿ, ಕಿಟಕಿ ಪೂರ್ತಿ ತೆರೆದೆ. ಫೋನು ಹಾಸಿಗೆಯ ಮೇಲೆ ಇಟ್ಟೆ. ಸ್ವಲ್ಪ ಹೊತ್ತಿಗೆ ಭಾವನ ಸ್ವರ ಬಂತು, ಏದುಸಿರಿನೊಂದಿಗೆ.

"ನಾನು ಬಂದಿದೀನಿ. ಕಾಣ್ತಿದೀನಾ?"

ಎದುರಿನ ಕಟ್ಟಡದ ಮಹಡಿಗಳಲ್ಲೆಲ್ಲ ಹಳದಿ ಟೊಪ್ಪಿಗಳು ಓಡಾಡುತ್ತಿದ್ದವು. ಎಲ್ಲವೂ ಒಂದೇ ಅಳತೆ, ಒಂದೇ ಬಣ್ಣ. ನನಗೂ ತಕ್ಷಣ ತಿಳಿಯಲಿಲ್ಲ. ಅಕ್ಕ ಕಣ್ಣು ಕಿರಿದು ಮಾಡಿ ಒಂದು ತುದಿಯಿಂದ ಇನ್ನೊಂದು ತುದಿಗೆ ಹುಡುಕಿದಳು. ಬಲಗಡೆ ಯಾರೋ ಒಬ್ಬ ಕಂಬದ ಪಕ್ಕ ಅಲುಗದೆ ನಿಂತಿದ್ದ. ಅವಳ ಕಣ್ಣು ಅಲ್ಲಿ ನಿಂತಿತು.

"ಹೂಂ, ಕಾಣ್ತಿದೀರಿ" ಅಂದಳು.

"ನಳಿಗೆ ತೆಗಿ. ಫೋಟೋ ತೆಗೀತೀನಿ."

ನಾನು ನಳಿಗೆ ತೆಗೆದೆ. ಆಗಲೇ ನನಗೆ ಎಡಗಡೆಯ ಮೂಲೆಯಲ್ಲಿ ಮೊಣಕಾಲೂರಿ ಕೂತ ಒಂದು ಹಳದಿ ಟೊಪ್ಪಿ, ಅದರ ಮುಂದೆ ಹೊಳೆಯುವ ಗಾಜು ಕಂಡದ್ದು. ಹೇಳಬೇಕೆಂದು ತಿರುಗಿದರೆ ಅಕ್ಕ ನಗುತ್ತಿದ್ದಳು. ಕಾಯಿಲೆ ಬರುವ ಮುಂಚೆ, ಭಾವ ಪಾಳಿ ಮುಗಿಸಿ ಕೌಂಟರಿನ ಸಾಲಿನಲ್ಲಿ ಸುಮ್ಮನೆ ಬಂದು ನಿಲ್ಲುತ್ತಿದ್ದಾಗ ನಗುತ್ತಿದ್ದ ನಗು. ಐದು ನಿಮಿಷದ ಉಸಿರು ಅವಳಲ್ಲಿದ್ದದ್ದು. ಅದನ್ನು ನಾನು ಮಾತಿನಲ್ಲಿ ಹಾಳುಮಾಡಲಿಲ್ಲ.

ಆ ವಾರ ಮುಗಿಯುವುದರೊಳಗೆ ಅಕ್ಕ ಹೋದಳು. ಬೆಳಿಗ್ಗೆ, ನಾನು ಚಹಾ ಮಾಡುತ್ತಿದ್ದಾಗ. ಭಾವ ಅವಳ ಪಕ್ಕದಲ್ಲೇ ಇದ್ದರು, ಕೈ ಹಿಡಿದುಕೊಂಡು. ಅದೊಂದು ಸಮಾಧಾನ ಎಂದು ಜನ ಹೇಳುತ್ತಾರೆ. ನನಗೆ ಯಾವ ಸಮಾಧಾನವೂ ಆಗಲಿಲ್ಲ. ಎದುರುಗಡೆ ಕ್ರೇನು ಬಿಚ್ಚಿ ಲಾರಿಗೆ ತುಂಬಿದರು. ಕನ್ನಡಕದವನು ಯಾವ ಊರಿಗೆ ಹೋದನೋ.

ಎಲ್ಲ ಮುಗಿದ ಮೇಲೆ ಒಂದು ಮಧ್ಯಾಹ್ನ ಭಾವ ಫೋಟೋಗಳನ್ನು ಅಚ್ಚು ಹಾಕಿಸಿ ತಂದರು. ಮೇಜಿನ ಮೇಲೆ ಸಾಲಾಗಿ ಹರಡಿ, ದೀಪ ಹಚ್ಚಿ, ಭೂತಗನ್ನಡಿ ಹಿಡಿದು ಕೂತರು. ನಾನು ಯಂತ್ರ ನಿಲ್ಲಿಸಿದೆ. ನೀಲಿ ಕೋಟು, ಬಾಚಿದ ತಲೆ, ಆ ನಗು. ರೆಪ್ಪೆಯ ಒಂದೊಂದು ಕೂದಲೂ ಎಣಿಸುವ ಹಾಗಿತ್ತು. ಭಾವ ಮೊದಲನೆಯದು ನೋಡಿದರು, ಎರಡನೆಯದು ನೋಡಿದರು, ಪುನಃ ಮೊದಲನೆಯದಕ್ಕೆ ಬಂದರು. ಆಮೇಲೆ ಕಬ್ಬಿಣದ ಅಳತೆಪಟ್ಟಿ ತೆಗೆದು ಅಕ್ಕನ ಕಣ್ಣಿನ ನೇರಕ್ಕೆ ಇಟ್ಟರು. ಮೂವತ್ತು ವರ್ಷ ಹುಳುಕು ಹುಡುಕಿದ ಕಣ್ಣು, ಅದಕ್ಕೆ ತಪ್ಪಿಸಿಕೊಳ್ಳುವುದು ಏನಿದೆ?

"ನಾನಿದ್ದಿದ್ದು ಈ ಕಡೆ" ಅಂದರು. "ಅವಳು ಆ ಕಡೆ ನೋಡ್ತಿದಾಳೆ. ಎಲ್ಲದರಲ್ಲೂ. ಅಲ್ಲಿ ಯಾರಿದ್ರು?"

ಸುಳ್ಳು ಹೇಳೋಣವೆಂದರೆ ಅಳತೆಪಟ್ಟಿ ಅಲ್ಲೇ ಇತ್ತು.

"ಯಾರೋ ಕೆಲಸದವನು ನಿಂತಿದ್ದ ಭಾವ. ಅವನದೂ ಹಳದಿ ಟೊಪ್ಪಿ. ನೀವೇ ಅಂದ್ಕೊಂಡಿದ್ಲು."

ಕೆಂಪು ಬಣ್ಣದ ಡಬ್ಬಿ ಮೇಜಿನ ಗೂಡಿನಲ್ಲಿತ್ತು, ಭಾವನ ಕೈ ಅತ್ತ ಹೋಗುತ್ತದೇನೋ ಎಂದು ನಾನು ನೋಡುತ್ತಿದ್ದೆ. ಹೋಗಲಿಲ್ಲ. ಭೂತಗನ್ನಡಿಯನ್ನು ಫೋಟೋದ ಎಡಮೂಲೆಯ ಮೇಲೆ ಇಟ್ಟು ನೋಡಿದರು, ಬಲಮೂಲೆಯ ಮೇಲೆ ಇಟ್ಟು ನೋಡಿದರು, ಕಿಟಕಿಯ ಚೌಕಟ್ಟು, ಪರದೆಯಲ್ಲಿ ನನ್ನ ಹೊಲಿಗೆ, ಎಲ್ಲ ನೋಡಿದರು.

"ಲೆನ್ಸು ಚೆನ್ನಾಗಿದೆ" ಅಂದರು. "ಲೆನ್ಸಲ್ಲಿ ಏನೂ ದೋಷ ಇಲ್ಲ."